ಬೆನ್ನ ಹಿಂದಿನ ಪಟ: ಕೊಂಗುನಾಡಿನ ಕನ್ನಡ ದೇವಾಂಗರ ಭಾವಚಿತ್ರಗಳಲ್ಲಿ ಬದಲಾದ ಹಿನ್ನೆಲೆಗಳು

'ಹಿನ್ನೆಲೆ' ಎಂಬ ಪದವನ್ನು ಕನ್ನಡದಲ್ಲಿ ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಚಿತ್ರದಲ್ಲಿ ವ್ಯಕ್ತಿಯ ಹಿಂದೆ ಕಾಣುವುದು ಹಿನ್ನೆಲೆ. ಆ ವ್ಯಕ್ತಿ ಹುಟ್ಟಿಬಂದ ಮನೆತನ, ಕಸುಬು, ಊರು, ನುಡಿ ಇವೂ ಹಿನ್ನೆಲೆಯೇ. ತಮಿಳಿನಲ್ಲಿ ಇದಕ್ಕೆ ಸಮನಾಗಿ ಪಿನ್ನಣಿ, ಪಿನ್ಪುಲಮ್ ಎಂಬ ಪದಗಳಿವೆ. ಒಂದರಲ್ಲಿ ಹಿಂದಿನ ಸಾಲು, ಇನ್ನೊಂದರಲ್ಲಿ ಹಿಂದಿನ ಬಯಲು. ಕನ್ನಡದ ಪದದಲ್ಲಿರುವುದು ನೆಲೆ, ಅಂದರೆ ನಿಂತ ಜಾಗ, ಬಾಳಿದ ಮನೆ. ಚಿತ್ರ ಎಂಬ ಅರ್ಥದಲ್ಲಿ ಎರಡೂ ಭಾಷೆಗಳ ಮನೆಮಾತಿನಲ್ಲಿ ನಿಂತಿರುವ 'ಪಟ' ಅಥವಾ 'ಪಡಮ್' ಎಂಬ ಪದವೂ ಇಲ್ಲಿ ನೆನಪಿಗೆ ಬರುತ್ತದೆ. ಸಂಸ್ಕೃತದ 'ಪಟ' ಮೊದಲಿಗೆ ಬಟ್ಟೆ. ಬಟ್ಟೆಯ ಮೇಲೆ ಬರೆದದ್ದರಿಂದ ಅದು ಚಿತ್ರವಾಯಿತು. ಬಟ್ಟೆ ನೇಯ್ದು ಬದುಕಿದ ಒಂದು ಸಮುದಾಯದ ಭಾವಚಿತ್ರಗಳನ್ನು ಕುರಿತು ಬರೆಯುವಾಗ ಈ ಪದಚರಿತ್ರೆ ಬರಿಯ ಅಲಂಕಾರವಲ್ಲ. ಆ ಚಿತ್ರಗಳಲ್ಲಿ ಬಹುಕಾಲ ಹಿನ್ನೆಲೆಯಾಗಿ ನಿಂತದ್ದು ಅಕ್ಷರಶಃ ಬಟ್ಟೆಯೇ.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮಾತನಾಡುವ ದೇವಾಂಗರ ಭಾವಚಿತ್ರಗಳಲ್ಲಿ ಹಿನ್ನೆಲೆಯು ಹೇಗೆ ಬದಲಾಗುತ್ತ ಬಂದಿದೆ, ಕಂಪ್ಯೂಟರಿನ ಕಾಲದಲ್ಲಿ ಆ ಬದಲಾವಣೆಯಿಂದ ಸಮುದಾಯದ ಚರಿತ್ರೆಗೆ ಏನಾಗುತ್ತಿದೆ ಎಂಬುದು ಪ್ರಸ್ತುತ ಲೇಖನದ ವಿಷಯ. ಈ ಭಾಗದ ಕನ್ನಡಿಗರೆಂದರೆ ದೇವಾಂಗರು ಮಾತ್ರವಲ್ಲ. ಒಕ್ಕಲಿಗರೂ ಇದ್ದಾರೆ, ಬೇರೆಯವರೂ ಇದ್ದಾರೆ. ದೇವಾಂಗರಲ್ಲಿಯೂ ತೆಲುಗು ಮನೆಮಾತಿನವರು ಬೇರೆಯೇ ಇದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಏಳು ಸಂಪುಟಗಳ ಪೈಕಿ ಎರಡನೆಯದರಲ್ಲಿಯೇ ಈ ಭಾಷಾಭೇದವನ್ನು ಗುರುತಿಸಲಾಗಿದೆ. ಲೇಖನವನ್ನು ಕನ್ನಡ ದೇವಾಂಗರಿಗೆ ಸೀಮಿತಗೊಳಿಸಿಕೊಂಡಿರುವುದಕ್ಕೆ ಕಾರಣ ನನಗೆ ಆ ಮನೆಗಳ ಒಳಗೋಡೆಗಳ ಪರಿಚಯವಿದೆ ಎಂಬುದಷ್ಟೆ.

ಪ್ರದೇಶದ ಚರಿತ್ರೆಯನ್ನು ದೀರ್ಘವಾಗಿ ಹೇಳಬೇಕಾದ ಅಗತ್ಯ ಈ ಪತ್ರಿಕೆಯ ಓದುಗರಿಗಿಲ್ಲ. ಕೊಯಮತ್ತೂರು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. 2011ರ ಜನಗಣತಿಯಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡ ಮನೆಮಾತಿನವರು ಶೇ. 1.78ರಷ್ಟು. ಗಡಿಗಳು ಇಷ್ಟು ಸಲ ಅತ್ತಿತ್ತ ಸರಿದರೂ ನೇಕಾರರ ಬೀದಿಗಳು ಸರಿಯಲಿಲ್ಲ. ಚೌಡೇಶ್ವರಿಯ ಗುಡಿ, ಅದರ ಸುತ್ತ ಮಗ್ಗದ ಮನೆಗಳು, ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು: ಸಿರುಮುಗೈಯಿಂದ ನೆಗಮಂವರೆಗೆ, ಪಲ್ಲಡದಿಂದ ಉಡುಮಲಪೇಟೆಯವರೆಗೆ ಈ ವಿನ್ಯಾಸ ಪರಿಚಿತವಾದದ್ದೇ.

ಈ ಕನ್ನಡದ ಒಂದು ಲಕ್ಷಣವನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ಇದು ಬಹುಮಟ್ಟಿಗೆ ಲಿಪಿಯಿಲ್ಲದ ಕನ್ನಡ. ಮಕ್ಕಳು ಓದುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಆದರೆ ಕೊಂಗುನಾಡಿನ ದೇವಾಂಗರ ಮಟ್ಟಿಗೆ ಲಿಪಿಯ ಪ್ರಶ್ನೆ ಅದಕ್ಕಿಂತ ಬಹಳ ಮೊದಲೇ ಇತ್ಯರ್ಥವಾಗಿ ಹೋಗಿತ್ತು. ಮದುವೆಯ ಕರೆಯೋಲೆ ತಮಿಳಿನಲ್ಲಿ, ಗುಡಿಯ ಫಲಕ ತಮಿಳಿನಲ್ಲಿ, ಸತ್ತವರ ಪಟದ ಕೆಳಗೆ ಬರೆಯುವ ಹೆಸರು ಮತ್ತು ತಿಥಿ ತಮಿಳಿನಲ್ಲಿ. ಕನ್ನಡ ಕೇಳಿಸುತ್ತದೆ, ಕಾಣಿಸುವುದಿಲ್ಲ. ಹೀಗಾಗಿ ಛಾಯಾಚಿತ್ರವನ್ನು ಆಕರವಾಗಿ ಬಳಸುವ ಚರಿತ್ರೆಕಾರನಿಗೆ ಒಂದು ವಿಚಿತ್ರ ಇಕ್ಕಟ್ಟು ಎದುರಾಗುತ್ತದೆ. ಛಾಯಾಚಿತ್ರಕ್ಕೆ ಧ್ವನಿಯಿಲ್ಲ, ಈ ಕನ್ನಡಕ್ಕೆ ಅಕ್ಷರವಿಲ್ಲ. ಹಾಗಾದರೆ ಚಿತ್ರದಲ್ಲಿರುವವರು ಕನ್ನಡದವರು ಎಂಬುದಕ್ಕೆ ಚಿತ್ರದೊಳಗಿನ ಸಾಕ್ಷ್ಯ ಯಾವುದು? ಮುಖವಲ್ಲ, ಉಡುಪೂ ಅಲ್ಲ. ಅವೆರಡೂ ಅಕ್ಕಪಕ್ಕದ ತಮಿಳು ನೇಕಾರ ಕುಟುಂಬಗಳಲ್ಲಿಯೂ ಹಾಗೆಯೇ ಇರುತ್ತವೆ. ಉಳಿಯುವುದು ಅವರ ಹಿಂದೆ ಇರುವುದು: ಬೀದಿ, ಗುಡಿಯ ಗೋಡೆ, ಅರೆತೆರೆದ ಬಾಗಿಲು, ಬಾಗಿಲಾಚೆಯ ಗುಂಡಿಮಗ್ಗ. ಭಾಷಾ ಅಲ್ಪಸಂಖ್ಯಾತರ ಭಾವಚಿತ್ರದಲ್ಲಿ ಹಿನ್ನೆಲೆಯು ಮುನ್ನೆಲೆಗಿಂತ ಹೆಚ್ಚು ಮಾತನಾಡಬಲ್ಲದು ಎಂಬುದು ನನ್ನ ವಾದ. ಮೊದಲು ಕೈಬಿಟ್ಟು ಹೋಗುವುದೂ ಅದೇ.

ಕೈಬಿಡುವ ಈ ಕ್ರಿಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ವಸಾಹತು ಕಾಲದ ಮಾನವಶಾಸ್ತ್ರವೇ ಹಿನ್ನೆಲೆಯನ್ನು ಅಳಿಸುವುದರಲ್ಲಿ ಆಸಕ್ತವಾಗಿತ್ತು. ಜಾನ್ ಲ್ಯಾಂಪ್ರಿ 1869ರಲ್ಲಿ ಸೂಚಿಸಿದ ಕ್ರಮ ಈ ದೃಷ್ಟಿಯಿಂದ ಪ್ರಸಿದ್ಧ: ಮರದ ಚೌಕಟ್ಟಿಗೆ ರೇಷ್ಮೆ ದಾರಗಳನ್ನು ಎರಡೆರಡು ಅಂಗುಲದ ಚೌಕಗಳಾಗುವಂತೆ ಅಡ್ಡಲಾಗಿ, ಉದ್ದವಾಗಿ ಬಿಗಿದು, ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಚಿತ್ರ ತೆಗೆಯುವುದು. ಹಾಸು ಹೊಕ್ಕುಗಳಂತೆಯೇ ಕಾಣುವ ಈ ದಾರಗಳ ಉದ್ದೇಶ ಬಟ್ಟೆಯಲ್ಲ, ಅಳತೆ. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು 1875ರಿಂದ ಉದಕಮಂಡಲದಲ್ಲಿ ನೆಲೆಸಿದ್ದ ಎ. ಟಿ. ಡಬ್ಲ್ಯು. ಪೆನ್ ಅವರಂಥ ವೃತ್ತಿಪರರ ಕೆಲಸ. ನೀಲಗಿರಿಯ ತೊದವರನ್ನು, ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರನ್ನು ಚಿತ್ರಿಸಿದ ಅಂಥವರಿಗೆ ಹಟ್ಟಿಯೂ ಬೆಟ್ಟವೂ ಬೇಕಿದ್ದವು. ಏಕೆಂದರೆ ಕೊಳ್ಳುವವರಿಗೆ ಬೇಕಿದ್ದದ್ದು ನೋಟ. ಎರಡರಲ್ಲಿಯೂ ಹಿನ್ನೆಲೆಯನ್ನು ಆರಿಸಿದವರು ಚಿತ್ರದಲ್ಲಿ ನಿಂತವರಲ್ಲ.

ಪಟ್ಟಣದ ಸ್ಟುಡಿಯೋ ಬಂದ ಮೇಲೆ ಈ ಸಂಬಂಧ ತಿರುಗಿತು. ಹಣ ಕೊಟ್ಟವರು ಚಿತ್ರದಲ್ಲಿ ಕೂತವರೇ ಆದರು. ಪರದೆಯನ್ನು ಆರಿಸುವ ಹಕ್ಕು, ತಕ್ಕಮಟ್ಟಿಗೆ, ಅವರದಾಯಿತು. ಕಂಬ, ಮೆಟ್ಟಿಲು, ಸರೋವರ, ಎಲ್ಲಿಯೂ ಇಲ್ಲದ ಉದ್ಯಾನ ಇವೆಲ್ಲ ಬಣ್ಣದಲ್ಲಿ ಬರೆದ ಅಗಲವಾದ ಬಟ್ಟೆಯ ಮೇಲೆ ಬಂದವು. ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೋಗಳನ್ನು ಆಧರಿಸಿ ಕ್ರಿಸ್ಟೋಫರ್ ಪಿನ್ನಿ 1997ರ ತಮ್ಮ 'ಕ್ಯಾಮೆರಾ ಇಂಡಿಕಾ' ಗ್ರಂಥದಲ್ಲಿ ತೋರಿಸಿರುವಂತೆ, ಗಿರಾಕಿಗಳು ಸ್ಟುಡಿಯೋಗೆ ಬರುತ್ತಿದ್ದುದು ತಾವಿದ್ದಂತೆ ಕಾಣಲಿಕ್ಕಲ್ಲ. ಅದೇ ವರ್ಷ ಅರ್ಜುನ್ ಅಪ್ಪಾದುರೈ ಅವರು ಸ್ಟುಡಿಯೋ ಪರದೆಯನ್ನೇ ವಿಷಯವಾಗಿಸಿಕೊಂಡು ಬರೆದ ಪ್ರಬಂಧವು, ವಾಸ್ತವವನ್ನು ದಾಖಲಿಸುತ್ತೇನೆಂಬ ಛಾಯಾಚಿತ್ರದ ಹಕ್ಕೊತ್ತಾಯವನ್ನು ಪರದೆ ಹೇಗೆ ಅಲುಗಿಸುತ್ತದೆ ಎಂಬುದನ್ನು ಚರ್ಚಿಸಿತು. ಈ ವಿದ್ವಾಂಸರ ಒಲವು ಪರದೆಯ ಪರವಾಗಿದೆ. ನನಗೂ ಅದರಲ್ಲಿ ತಕರಾರಿಲ್ಲ. ದಿನವಿಡೀ ಗುಂಡಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುವವನು ಒಂದು ಗಳಿಗೆ ಅರಮನೆಯ ಮೆಟ್ಟಿಲಲ್ಲಿ ನಿಲ್ಲಬಾರದೇಕೆ? ಆದರೆ ಅವರ ಚರ್ಚೆಯಲ್ಲಿ ಪರದೆಯ ಹಿಂದೆ ಏನಿತ್ತು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಸ್ಟುಡಿಯೋದಲ್ಲಿ ಪರದೆಯ ಹಿಂದೆ ಇದ್ದದ್ದು ಗೋಡೆ ಮಾತ್ರ. ಮನೆಯಲ್ಲಿ ಹಾಗಲ್ಲ.

ಮನೆಯಂಗಳದಲ್ಲಿ ತೆಗೆದ ಚಿತ್ರಗಳಲ್ಲಿ ಪರದೆಯಾಗುತ್ತಿದ್ದದ್ದು ಕೈಗೆ ಸಿಕ್ಕ ಬಟ್ಟೆ: ಜಮಖಾನ, ಪಂಚೆ, ಮಗ್ಗದಿಂದ ಇಳಿಸಿದ ಸೀರೆ. ನನ್ನ ತಂದೆಯ ತಂದೆಯ ಏಕೈಕ ಛಾಯಾಚಿತ್ರ ಅಂಥದ್ದು. 1950ರ ದಶಕದಲ್ಲಿ, ಉಡುಮಲಪೇಟೆಯ ಸಮೀಪದ ಊರಿನಲ್ಲಿ, ಮನೆಯ ಮುಂದೆ ಕುರ್ಚಿ ಹಾಕಿ ತೆಗೆದದ್ದು. ಹಿಂದೆ ಬಿಳಿಯ ಪಂಚೆಯೊಂದನ್ನು ಇಬ್ಬರು ಹಿಡಿದು ನಿಂತಿದ್ದರು. ಬಟ್ಟೆಯ ಅಗಲ ಸಾಲದೆ ಅಜ್ಜನ ಎಡಭುಜದ ಪಕ್ಕದಲ್ಲಿಯೇ ಅದರ ಅಂಚು ಮುಗಿದಿತ್ತು. ಅಂಚನ್ನು ಹಿಡಿದಿದ್ದ ಬಳೆ ತೊಟ್ಟ ಕೈಯೊಂದು ಚಿತ್ರದೊಳಗೆ ಬಂದುಬಿಟ್ಟಿತ್ತು. ಅದು ಅಜ್ಜಿಯ ಕೈ ಎಂದು ತಂದೆ ಹೇಳುತ್ತಿದ್ದರು. ಅಜ್ಜಿಯ ಚಿತ್ರವನ್ನು ಯಾರೂ ತೆಗೆಸಿರಲಿಲ್ಲ. ಆ ಕೈಯ ಆಚೆ ಬಾಗಿಲು, ಬಾಗಿಲೊಳಗೆ ಕತ್ತಲು, ಕತ್ತಲಲ್ಲಿ ಮಗ್ಗದ ಎರಡು ಕಂಬಗಳು. ಛಾಯಾಗ್ರಾಹಕನ ಲೆಕ್ಕದಲ್ಲಿ ಇವೆಲ್ಲ ಕತ್ತರಿಸಿ ಬಿಸಾಡಬೇಕಾದ ಭಾಗ, ಅವನೇಕೋ ಕತ್ತರಿಸಿರಲಿಲ್ಲ. ಈ ಚಿತ್ರಕ್ಕೆ ಮುಂದೆ ಮರಳುತ್ತೇನೆ.

ಕತ್ತರಿಸುವ, ಮುಚ್ಚುವ, ಬೇರೆಡೆಗೆ ಕೂರಿಸುವ ವಿದ್ಯೆಗಳೆಲ್ಲ ಕತ್ತಲೆಕೋಣೆಯಲ್ಲಿ ಸಿದ್ಧವಾಗಿದ್ದವು. ಆಸ್ಕರ್ ರೈಲಾಂಡರ್ 1857ರಲ್ಲಿ, ಹೆನ್ರಿ ಪೀಚ್ ರಾಬಿನ್‌ಸನ್ 1858ರಲ್ಲಿ ಹಲವು ನೆಗೆಟಿವ್‌ಗಳನ್ನು ಕೂಡಿಸಿ ಒಂದೇ ಚಿತ್ರವಾಗಿ ಮುದ್ರಿಸಿ ತೋರಿಸಿದ್ದರು. ಸಣ್ಣ ಪಟ್ಟಣಗಳ ಸ್ಟುಡಿಯೋಗಳು ಬಳಸಿದ್ದು ಇದಕ್ಕಿಂತ ಸರಳವಾದ ಉಪಾಯವನ್ನು. ನೆಗೆಟಿವ್‌ನಲ್ಲಿ ವ್ಯಕ್ತಿಯ ಆಕೃತಿಯ ಸುತ್ತ ಕೆಂಪು ಅಥವಾ ಕಪ್ಪು ದಪ್ಪ ಬಣ್ಣವನ್ನು ಸಣ್ಣ ಕುಂಚದಿಂದ ಹಚ್ಚಿದರೆ, ಆ ಭಾಗದಲ್ಲಿ ಬೆಳಕು ಹಾಯುವುದಿಲ್ಲ. ಮುದ್ರಣದಲ್ಲಿ ಅಲ್ಲಿ ಕಾಗದದ ಬಿಳಿ ಉಳಿಯುತ್ತದೆ. ಗುಂಪುಚಿತ್ರದಿಂದ ಒಬ್ಬರನ್ನು ಬೇರ್ಪಡಿಸಿ ಮರಣೋತ್ತರ ಪಟ ಮಾಡುವಾಗ ಇದು ಅನಿವಾರ್ಯವಾಗಿತ್ತು. ಬದುಕಿದ್ದಾಗ ಒಂಟಿಯಾಗಿ ಕೂತು ಚಿತ್ರ ತೆಗೆಸಿಕೊಳ್ಳದವರು, ಅದರಲ್ಲಿಯೂ ಹೆಂಗಸರು, ಸತ್ತ ಮೇಲೆ ಮಗಳ ಮದುವೆಯ ಗುಂಪಿನಿಂದ ಎತ್ತಲ್ಪಟ್ಟು ಗೋಡೆಗೇರುತ್ತಿದ್ದರು. ಅವರ ಭುಜದ ಮೇಲೆ ಇನ್ನಾರದೋ ಕೈ ಇದ್ದರೆ ಅದನ್ನು ಬಣ್ಣದಲ್ಲಿ ಸೀರೆಯ ಮಡಿಕೆಯಾಗಿಸಲಾಗುತ್ತಿತ್ತು. ಪೂಜೆಗೆ ಸಲ್ಲುವ ಪಟದಲ್ಲಿ ಲೋಕವ್ಯವಹಾರ ಇರಬಾರದು ಎಂಬ ತರ್ಕ ಇದರ ಹಿಂದಿದೆ. ಸತ್ತವರಿಗೆ ನೆಲೆಯಿಲ್ಲ, ಆದ್ದರಿಂದ ಹಿನ್ನೆಲೆಯೂ ಇಲ್ಲ. ಇದನ್ನು ವಿರೂಪವೆಂದು ಕರೆಯಲು ನನಗೆ ಮನಸ್ಸಿಲ್ಲ. ಅದು ಒಂದು ಸಂಸ್ಕಾರ.

ಆದರೆ ಆ ವಿಧಾನದಲ್ಲಿ ಒಂದು ಭದ್ರತೆಯಿತ್ತು. ಕುಂಚದವನು ಬಣ್ಣ ಹಚ್ಚಿದರೂ ಅದರ ಅಡಿಯಲ್ಲಿ ಚಿತ್ರ ಹಾಗೆಯೇ ಇರುತ್ತಿತ್ತು. ಹಲವೊಮ್ಮೆ ಮುದ್ರಿತ ಪ್ರತಿಯನ್ನು ಮತ್ತೆ ಚಿತ್ರ ತೆಗೆದು, ಆ ಎರಡನೆಯ ನೆಗೆಟಿವ್‌ನಲ್ಲಿಯೇ ತಿದ್ದುಪಡಿ ನಡೆಯುತ್ತಿತ್ತು. ಮೂಲ ಪ್ರತಿ ಮನೆಗೆ ಹಿಂತಿರುಗುತ್ತಿತ್ತು. ನೆಗೆಟಿವ್‌ಗಳು ನಾಶವಾದದ್ದಕ್ಕೆ ತಿದ್ದುಪಡಿ ಕಾರಣವಲ್ಲ. ಸ್ಟುಡಿಯೋಗಳು ಮುಚ್ಚಿದಾಗ ಅವು ಬೆಳ್ಳಿಯ ಅಂಶಕ್ಕಾಗಿ ಮಾರಾಟವಾದದ್ದು, ಗಾಜಿನ ಫಲಕಗಳನ್ನು ತೊಳೆದು ಬೇರೆ ಕೆಲಸಕ್ಕೆ ಹಚ್ಚಿದ್ದು ಹೆಚ್ಚು ನಷ್ಟ ಮಾಡಿದವು. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ, ಬ್ರಿಟಿಷ್ ಲೈಬ್ರರಿಯ ಅಪಾಯದಂಚಿನ ದಾಖಲೆಗಳ ಯೋಜನೆಯ ನೆರವಿನಿಂದ, ಝೋಯಿ ಹೆಡ್ಲಿ ಮತ್ತು ಸಂಗಡಿಗರು ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಫಲಕಗಳನ್ನೂ ಪ್ರತಿಗಳನ್ನೂ ಹುಡುಕಿ ಡಿಜಿಟಲೀಕರಿಸಿದ್ದು ಈ ಹಿನ್ನೆಲೆಯಲ್ಲಿ ಬಹು ದೊಡ್ಡ ಕೆಲಸ. (ನೋಡಿ, ಈ ಪದವನ್ನು ತಪ್ಪಿಸಿ ಒಂದು ಪುಟ ಬರೆಯುವುದೂ ಕಷ್ಟ.)

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ಮೊದಲು ತಾಂತ್ರಿಕ ಸಂಗತಿಯನ್ನು ಸರಿಯಾಗಿ ತಿಳಿಯಬೇಕು. ಇಲ್ಲವಾದರೆ ನಮ್ಮ ದೂರು ಬರಿಯ ಹಳೆಯ ಕಾಲದ ಹಂಬಲವಾಗುತ್ತದೆ. ಥಾಮಸ್ ನಾಲ್ ಮತ್ತು ಜಾನ್ ನಾಲ್ ಸೋದರರು ರೂಪಿಸಿದ ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಚಿತ್ರವನ್ನು ಒಂದರ ಮೇಲೊಂದು ಪದರಗಳಾಗಿ ಇಡುವ ಸೌಲಭ್ಯ ಅದರ ಮೂರನೆಯ ಆವೃತ್ತಿಯೊಂದಿಗೆ 1994ರಲ್ಲಿ ಬಂತು. ಇದರ ಗಣಿತದ ತಳಹದಿ ಇನ್ನೂ ಹಳೆಯದು. ಚಿತ್ರದ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿಗಳ ಜೊತೆಗೆ 'ಆಲ್ಫಾ' ಎಂಬ ನಾಲ್ಕನೆಯ ಬೆಲೆಯನ್ನು ಕೊಡುವ ಕಲ್ಪನೆ 1970ರ ದಶಕದ ಕೊನೆಯದು. ಅದನ್ನು ಬಳಸಿ ಒಂದು ಚಿತ್ರವನ್ನು ಇನ್ನೊಂದರ ಮೇಲೆ ಕೂರಿಸುವ ನಿಯಮಗಳನ್ನು ಪೋರ್ಟರ್ ಮತ್ತು ಡಫ್ 1984ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದರು. ಆಲ್ಫಾ ಬೆಲೆ ಸೊನ್ನೆಯಾದರೆ ಆ ಬಿಂದು ಪೂರ್ತಿ ಪಾರದರ್ಶಕ. ಗರಿಷ್ಠವಾದರೆ ಪೂರ್ತಿ ಗಟ್ಟಿ. ಕಷ್ಟವಿರುವುದು ನಡುವಿನ ಬೆಲೆಗಳಲ್ಲಿ: ಕೂದಲಿನ ತುದಿ, ಮುಡಿದ ಮಲ್ಲಿಗೆಯ ಅಂಚು, ತೆಳು ಸೆರಗು. ಅಲ್ಲಿ ಒಂದೇ ಬಿಂದುವಿನಲ್ಲಿ ವ್ಯಕ್ತಿಯೂ ಹಿಂದಿನ ಗೋಡೆಯೂ ಬೆರೆತಿರುತ್ತಾರೆ. ವ್ಯಕ್ತಿ ಎಲ್ಲಿ ಮುಗಿದು ನೆಲೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಯಾರಾದರೂ ತೀರ್ಮಾನಿಸಬೇಕಾಗುತ್ತದೆ.

ಆರಂಭದಲ್ಲಿ ಆ ತೀರ್ಮಾನ ಕೈಯದಾಗಿತ್ತು. ಕುಶಲಿಗಳು ಪೆನ್ ಉಪಕರಣದಿಂದ ಆಕೃತಿಯ ಸುತ್ತ ಬಿಂದುಬಿಂದುವಾಗಿ ಗೆರೆ ಎಳೆಯುತ್ತಿದ್ದರು. ಅವಸರದವರು 'ಮಾಂತ್ರಿಕ ಕೋಲು' ಬಳಸುತ್ತಿದ್ದರು. ಈ ಕೋಲು ಮುಟ್ಟಿದ ಬಿಂದುವಿನ ಬಣ್ಣಕ್ಕೆ ಹತ್ತಿರವಾದ, ಒಂದಕ್ಕೊಂದು ತಾಗಿಕೊಂಡಿರುವ ಬಿಂದುಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ. ಎಷ್ಟು ಹತ್ತಿರ ಎಂಬುದಕ್ಕೆ 0ಯಿಂದ 255ರವರೆಗಿನ ಅಂಕಿಯಿದ್ದು, ಕೈಹಚ್ಚದೆ ಬಿಟ್ಟರೆ ಅದು 32. ಸುಣ್ಣದ ಗೋಡೆಯ ಮುಂದೆ ಬಿಳಿ ಪಂಚೆಯುಟ್ಟು ನಿಂತ ನೇಕಾರನ ವಿಷಯದಲ್ಲಿ ಇದರ ಫಲವೇನೆಂದು ಊಹಿಸಬಹುದು. ಕೋಲು ಗೋಡೆಯೊಂದಿಗೆ ಪಂಚೆಯನ್ನೂ ಹಿಡಿದುಕೊಳ್ಳುತ್ತದೆ. ಕೆಲಸಗಾರನು ಅದನ್ನು ಮತ್ತೆ ತುಂಬಿಸಬೇಕು. ತುಂಬಿಸುವಾಗ ಅಂಚಿನ ಕರೆ, ಮಡಿಕೆಯ ನೆರಳು ಉಳಿಯುವುದು ಅವನ ತಾಳ್ಮೆಗೆ ಬಿಟ್ಟದ್ದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವಿದೆ. ದೇವಾಂಗ ಗಂಡಸರು ಜನಿವಾರ ಧರಿಸುತ್ತಾರೆ. ಹಳೆಯ ಚಿತ್ರಗಳಲ್ಲಿ ಬರಿಮೈಯ ಮೇಲೆ ಅದು ಕೂದಲಿನಷ್ಟು ತೆಳುವಾದ ಬಿಳಿ ಗೆರೆ. ಧೂಳು ಮತ್ತು ಗೀರುಗಳನ್ನು ತೆಗೆಯುವ ಶೋಧಕಕ್ಕೆ ತೆಳುವಾದ ಬಿಳಿ ಗೆರೆ ಎಂದರೆ ಗೀರು. ಇಡೀ ಚಿತ್ರದ ಮೇಲೆ ಒಮ್ಮೆ ಅದನ್ನು ಹಾಯಿಸಿದರೆ ಗೀರುಗಳ ಜೊತೆ ಜನಿವಾರವೂ ಮಾಯವಾಗಬಲ್ಲದು. ಜಾತಿಚರಿತ್ರೆ ಬರೆಯುವವರು, ಅದರ ಪರವಾಗಿಯೋ ವಿರುದ್ಧವಾಗಿಯೋ, ಚಿತ್ರದಲ್ಲಿ ಜನಿವಾರವಿಲ್ಲವೆಂಬುದನ್ನು ಸಾಕ್ಷ್ಯವಾಗಿ ಬಳಸುವ ಮುನ್ನ ಇದನ್ನು ನೆನಪಿಡುವುದು ಒಳಿತು.

2004ರಲ್ಲಿ ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ಸಂಶೋಧಕರು ಮಂಡಿಸಿದ 'ಗ್ರ್ಯಾಬ್‌ಕಟ್' ಕ್ರಮದಲ್ಲಿ ಬಳಕೆದಾರನು ವ್ಯಕ್ತಿಯ ಸುತ್ತ ಒಂದು ಚೌಕ ಎಳೆದರೆ ಸಾಕಾಯಿತು. 2018ರಲ್ಲಿ ಫೋಟೋಶಾಪಿನಲ್ಲಿಯೇ ಒಂದೇ ಒತ್ತಿಗೆ 'ವಿಷಯ'ವನ್ನು ಆರಿಸುವ ಗುಂಡಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರಿಯಾದಿಂದ ರಿಮೂವ್ ಡಾಟ್ ಬಿಜಿ ಎಂಬ ಸೇವೆ ಬಂತು. ಈಗ ಫೋನಿನಲ್ಲಿಯೇ ಅದಾಗುತ್ತದೆ. ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಬದಲಾವಣೆ ವೇಗವಲ್ಲ, ತೀರ್ಮಾನ ಯಾರದೆಂಬುದು. ಕುಂಚದವನಿಗೆ ಗಿರಾಕಿಯ ಮನೆ ಗೊತ್ತಿರುತ್ತಿತ್ತು. ಯಾರ ಕೈ, ಯಾವ ಮಗ್ಗ ಎಂದು ಕೇಳಲು ಸಾಧ್ಯವಿತ್ತು. ಸಾವಿರಾರು ಚಿತ್ರಗಳಿಂದ ಕಲಿತ ಯಂತ್ರಕ್ಕೆ ವ್ಯಕ್ತಿ ಎಂದರೇನು ಎಂಬ ಸಾಮಾನ್ಯ ಕಲ್ಪನೆ ಇದೆಯೇ ಹೊರತು ಈ ವ್ಯಕ್ತಿ ಯಾರೆಂಬ ಕಲ್ಪನೆ ಇಲ್ಲ. ಅಂಚಿನಿಂದ ಒಳಬಂದ ಕೈ ಅದಕ್ಕೆ 'ವಿಷಯ'ವಲ್ಲ.

ಅಳಿಸಿದ ಜಾಗದಲ್ಲಿ ಏನು ಬರುತ್ತದೆ ಎಂಬುದನ್ನೂ ನೋಡಬೇಕು. ಎರಡು ಬಗೆಯ ಬಿಳಿಗಳು ಇಲ್ಲಿ ಎದುರಾಗುತ್ತವೆ. ಒಂದು ಪ್ರಭುತ್ವದ ಬಿಳಿ. 1993ರಿಂದ ಮತದಾರರ ಗುರುತಿನ ಚೀಟಿ, 2010ರಿಂದ ಆಧಾರ್, ಜೊತೆಗೆ ಪಾಸ್‌ಪೋರ್ಟು ಇವುಗಳ ಮೂಲಕ ಮುಖವನ್ನು ನೆಲೆಯಿಂದ ಬಿಡಿಸಿ ತೋರಿಸುವ ಚಿತ್ರವು ಬಡವರ ಮನೆಗೂ ಬಂತು. ಆಧಾರ್ ನೋಂದಣಿಗೆ ಬಿಳಿಯ ಪರದೆಯೂ ಸಲಕರಣೆಗಳಲ್ಲೊಂದು. ಲ್ಯಾಂಪ್ರಿಯ ರೇಷ್ಮೆ ದಾರಗಳು ಈಗ ಮುಖದ ಒಳಗಿನ ಅಳತೆಗಳಾಗಿ ಅಡಗಿಕೊಂಡಿವೆ ಎನ್ನಬಹುದು. ಇನ್ನೊಂದು ವ್ಯಾಪಾರದ ಬಿಳಿ; ಅದು ತಿರುಪ್ಪೂರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಹೆಣೆದ ಉಡುಪುಗಳನ್ನು ಲೋಕಕ್ಕೆ ಕಳಿಸುವ ಆ ನಗರದಲ್ಲಿ ಮಾರಾಟದ ಸರಕಿನ ಚಿತ್ರಕ್ಕೆ ಹಿನ್ನೆಲೆ ಇರಕೂಡದು. ಅಮೆಜಾನಿನ ಮುಖ್ಯ ಚಿತ್ರದ ನಿಯಮ ಮೂರೂ ಬಣ್ಣಗಳಲ್ಲಿ 255 ಇರುವ ಶುದ್ಧ ಬಿಳಿಯನ್ನು ಕೇಳುತ್ತದೆ. ಬನಿಯನ್ನಿನ ಸುತ್ತ ಗೆರೆ ಎಳೆದು ಪಳಗಿದ ಕೈ, ಕಣ್ಣು ಮತ್ತು ತಂತ್ರಾಂಶಗಳೇ ಅಜ್ಜಿಯ ಚಿತ್ರದ ಸುತ್ತಲೂ ಗೆರೆ ಎಳೆಯುತ್ತವೆ. ಮಗ್ಗದಿಂದ ಪವರ್‌ಲೂಮಿಗೆ, ಅಲ್ಲಿಂದ ಹೆಣಿಗೆ ಕಾರ್ಖಾನೆಗೆ ಸರಿದ ಕುಟುಂಬಗಳ ಮಕ್ಕಳಲ್ಲಿ ಕೆಲವರು ಈ ಕೆಲಸದಲ್ಲಿಯೂ ಇದ್ದಾರೆ ಎಂಬುದನ್ನು ಯಾವ ಕಹಿಯೂ ಇಲ್ಲದೆ ಹೇಳಬೇಕು. ಅದು ಅನ್ನ.

ಬಿಳಿಯಲ್ಲದ ಹಿನ್ನೆಲೆಗಳದು ಬೇರೆಯೇ ಕಥೆ. ಮದುವೆಯ 'ಕರಿಜ್ಮಾ' ಆಲ್ಬಂಗಳಲ್ಲಿ ವಧೂವರರು ಹಿಮಪರ್ವತಗಳ, ಜಲಪಾತಗಳ, ಅರಮನೆಗಳ ಮುಂದೆ ನಿಲ್ಲುತ್ತಾರೆ. ಇವು ಸಿ.ಡಿ.ಗಳಲ್ಲಿ ಸಿದ್ಧರೂಪದಲ್ಲಿ ಮಾರಾಟವಾದ ಪದರಗಳು. ಹಳೆಯ ಪರದೆಯ ಉದ್ಯಾನಕ್ಕೂ ಇವಕ್ಕೂ ನೇರ ನೆಂಟಸ್ತಿಕೆಯಿದೆ; ಪರದೆಯನ್ನು ಮೆಚ್ಚಿ ಇವನ್ನು ಹಳಿಯುವುದು ನಮ್ಮ ವಿದ್ವತ್ತಿನ ಒಂದು ಚಪಲ. ಫ್ಲೆಕ್ಸ್ ಫಲಕಗಳಲ್ಲಿ ಮುಖಗಳು ನೆಲೆಯನ್ನು ಪೂರ್ತಿ ಕಳಚಿಕೊಂಡು, ದೇವಿಯ ಸುತ್ತ ಗಾತ್ರಕ್ಕೆ ತಕ್ಕಂತೆ ಜೋಡಣೆಗೊಳ್ಳುತ್ತವೆ: ಯಾರು ದೊಡ್ಡವರಾಗಿ, ಯಾರು ಮೂಲೆಯಲ್ಲಿ ಎಂಬುದು ಊರಿನ ಅಂದಿನ ಅಧಿಕಾರದ ನಕ್ಷೆ. ಸಮುದಾಯದ ನೆನಪು ವಿಜಯನಗರದ ಕಡೆಗೆ ಕೈದೋರುತ್ತದೆ. ಹಂಪಿಯಲ್ಲಿ ದೇವಾಂಗರ ಗಾಯತ್ರೀ ಪೀಠವಿದೆ. ಹೀಗಿರುವಾಗ ತಮಿಳು ಅಕ್ಷರಗಳ ಫಲಕವೊಂದರಲ್ಲಿ ಮುಖಗಳ ಹಿಂದೆ ವಿರೂಪಾಕ್ಷನ ಗೋಪುರವೋ ಕಲ್ಲಿನ ರಥವೋ ಬಂದು ನಿಂತರೆ, ಅದನ್ನು ಸುಳ್ಳು ಹಿನ್ನೆಲೆ ಎಂದು ತಳ್ಳಿಹಾಕುವುದು ಚರಿತ್ರೆಕಾರನ ಸೋಲು. ಬರವಣಿಗೆಯಲ್ಲಿ ಹೇಳಲಾಗದ ಕನ್ನಡದ ಸಂಬಂಧವನ್ನು ಆ ಗೋಪುರ ಹೇಳುತ್ತಿರುತ್ತದೆ. ಹಿನ್ನೆಲೆಯ ಎರಡನೆಯ ಅರ್ಥವು ಮೊದಲನೆಯದರ ಜಾಗಕ್ಕೆ ಬಂದು ಕೂತಿರುತ್ತದೆ, ಅಷ್ಟೆ.

ಹಾಗಾದರೆ ನನ್ನ ಆಕ್ಷೇಪ ಯಾವುದಕ್ಕೆ? ಹೊಸ ಹಿನ್ನೆಲೆಯ ಆಯ್ಕೆಗಲ್ಲ. ಹಳೆಯದನ್ನು ಎಲ್ಲಿಯೂ ಉಳಿಸದೆ ಹೋಗುವುದಕ್ಕೆ. ಪದರಗಳ ತಂತ್ರದ ಸೊಗಸೇ ಹಳೆಯದು ಅಡಿಯಲ್ಲಿ ಹಾಗೆಯೇ ಇರಬಲ್ಲದು ಎಂಬುದು. ಆದರೆ ಗಿರಾಕಿಗೆ ಸಿಗುವುದು ಪದರಗಳೆಲ್ಲ ಒಂದಾದ, ಕುಗ್ಗಿಸಿದ ಕಡತ; ಕೆಲಸದ ಕಡತ ಅಂಗಡಿಯ ಡಿಸ್ಕಿನಲ್ಲಿ ಕೆಲವು ತಿಂಗಳಿದ್ದು ಜಾಗಕ್ಕಾಗಿ ಅಳಿಯುತ್ತದೆ. ಚಿತ್ರವನ್ನು ಒತ್ತುಹಲಗೆಯಿಂದ ಬಿಡಿಸುವಾಗ ಸ್ಟುಡಿಯೋದ ಮುದ್ರೆ ಹೋಗುತ್ತದೆ. ಹಿಂಬದಿಯ ಕೈಬರಹ ಹೋಗುತ್ತದೆ. ತಮಿಳು ಲಿಪಿಯಲ್ಲಿ ಬರೆದ ಕನ್ನಡ ವಾಕ್ಯ ಎಲ್ಲಾದರೂ ಸಿಗುವುದಿದ್ದರೆ ಅದು ಇಂಥ ಹಿಂಬದಿಗಳಲ್ಲಿಯೇ. ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವ ನಮ್ಮಂಥವರೂ ಮುದ್ರಣಕ್ಕೆ ಚೆನ್ನಾಗಿ ಬರಲಿ ಎಂದು ಫೋನಿನಲ್ಲಿ ಮುಖವನ್ನಷ್ಟೇ ತುಂಬಿಕೊಂಡು ಬರುತ್ತೇವೆ. ಚಿತ್ರವನ್ನು ಅಂಚು, ಹಲಗೆ, ಹಿಂಬದಿಗಳ ಸಮೇತ 600 ಡಿಪಿಐಗೆ ಕಡಿಮೆಯಿಲ್ಲದೆ ಸ್ಕ್ಯಾನ್ ಮಾಡಿ, ಆ ಕಡತವನ್ನು ಮುಟ್ಟದೆ ಇಟ್ಟು, ತಿದ್ದುವುದೇನಿದ್ದರೂ ಅದರ ಪ್ರತಿಯಲ್ಲಿ ತಿದ್ದಬೇಕು ಎಂಬ ನಿಯಮಕ್ಕೆ ಖರ್ಚೇನೂ ಹೆಚ್ಚಿಲ್ಲ. ಜೊತೆಗೆ ಮನೆಯ ಹಿರಿಯರ ಬಾಯಿಂದ, ಅವರದೇ ಕನ್ನಡದಲ್ಲಿ, ಚಿತ್ರದ ಹಿಂದೆ ಕಾಣುವ ವಸ್ತುಗಳ ಹೆಸರುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಚಿತ್ರದಲ್ಲಿರುವವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಕಾಣುವ ಕಂಬದ ಹೆಸರೇನು ಎಂದು ಕೇಳಿದರೆ ಮಗ್ಗದ ಪದಕೋಶವೇ ಹೊರಬರುತ್ತದೆ. ಚಿತ್ರದ ಚೌಕಟ್ಟಿನ ಹೊರಗೆ ಯಾರಿದ್ದರು, ಬಟ್ಟೆ ಹಿಡಿದವರು ಯಾರು ಎಂಬುದನ್ನೂ ಕೇಳಬೇಕು.

ಈಗಾಗಲೇ ಬದಲಾದ ಚಿತ್ರವನ್ನು ಓದುವುದಕ್ಕೂ ಕ್ರಮವಿದೆ. ಮುಖದ ಮೇಲಿನ ಬೆಳಕು ಒಂದು ಕಡೆಯಿಂದ, ಹಿಂದಿನ ಮರದ ನೆರಳು ಇನ್ನೊಂದು ಕಡೆಗೆ. ಕಾಲಿನ ಕೆಳಗೆ ನೆರಳೇ ಇಲ್ಲ. ವ್ಯಕ್ತಿಯಲ್ಲಿ ಹಳೆಯ ಫಿಲ್ಮಿನ ಒರಟು ಕಣಗಳಿದ್ದು ಹಿನ್ನೆಲೆ ನುಣುಪಾಗಿದೆ. ಕೂದಲಿನ ಸುತ್ತ ಹಳೆಯ ಗೋಡೆಯ ಬಣ್ಣ ಒಂದು ತೆಳು ಪ್ರಭೆಯಾಗಿ ಉಳಿದಿದೆ. ಈ ಕೊನೆಯದು ಅಮೂಲ್ಯ. ಆ ಪ್ರಭೆಯಲ್ಲಿರುವುದು ಅಳಿಸಿಹೋದ ನೆಲೆಯ ಉಳಿಕೆ. ಶಾಸನದ ತ್ರುಟಿತ ಅಕ್ಷರಗಳನ್ನು ಓದುವ ಶ್ರದ್ಧೆಯಲ್ಲಿ ಒಂದು ಪಾಲನ್ನು ಈ ಅಂಚುಗಳಿಗೂ ಕೊಡಬಹುದು.

ಅಜ್ಜನ ಚಿತ್ರವನ್ನು ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರೇ ಒಂದು ಅಂಗಡಿಗೆ ಕೊಟ್ಟರು. ದೊಡ್ಡದಾಗಿಸಿ, ಬಣ್ಣ ತುಂಬಿಸಿ, 'ಹಿಂದಿನದನ್ನೆಲ್ಲ ತೆಗೆದು' ಕೊಡಬೇಕೆಂದು ಹೇಳಿದವರೂ ನಮ್ಮವರೇ. ಅಂಗಡಿಯವನು ಹೇಳಿದ್ದನ್ನು ಮಾಡಿದ. ಮೂಲ ಪ್ರತಿಯನ್ನು ಕೇಳಿ ತರಲು ಯಾರಿಗೂ ತೋಚಲಿಲ್ಲ. ನಾನು ವಿಚಾರಿಸಿದ ಹೊತ್ತಿಗೆ ಅಂಗಡಿ ಕೈಬದಲಾಗಿತ್ತು. ಈಗ ಗೋಡೆಯ ಮೇಲಿರುವ ಅಜ್ಜನ ಹಿಂದೆ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತ ಬರುವ ನೀಲಿ. ಮಗ್ಗವಿಲ್ಲ, ಬಾಗಿಲಿಲ್ಲ, ಪಂಚೆಯಿಲ್ಲ. ಜನಿವಾರವೂ ಇಲ್ಲ. ನಾನು ಮೇಲೆ ಬರೆದ ಕೈಯ ವಿವರಣೆಗೆ ಆಧಾರ ನನ್ನ ನೆನಪು ಮತ್ತು ತಂದೆಯ ಮಾತು. ಬೇರೆಯವರು ಇಷ್ಟೇ ಆಧಾರದ ಮೇಲೆ ಬರೆದಿದ್ದರೆ ಅದನ್ನು ಒಪ್ಪಲು ನಾನು ಹಿಂಜರಿಯುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಆ ಪಟವನ್ನು ಚೌಕಟ್ಟಿನಿಂದ ಬಿಡಿಸಿ, 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಅಂಚುಗಳನ್ನು ಹಿಗ್ಗಿಸಿ ನೋಡಿದೆ. ಕಿವಿಯ ಸುತ್ತ ಬಿಳಿಯ ಪ್ರಭೆಯಿದೆ, ಅದು ಪಂಚೆ. ಎಡಭುಜ ಮುಗಿಯುವಲ್ಲಿ, ನೀಲಿಯೊಳಕ್ಕೆ ಚಾಚಿಕೊಂಡಂತೆ, ಭುಜಕ್ಕೂ ಸೇರದ ಆಕಾಶಕ್ಕೂ ಸೇರದ ಒಂದು ಸಣ್ಣ ಕಂದು ತುಣುಕು ಉಳಿದಿದೆ. ಗೆರೆ ಎಳೆದವನು ಅದನ್ನು ಭುಜವೆಂದು ತಿಳಿದಿರಬೇಕು. ಅಗಲ ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ಬೆರಳಿನ ತುದಿಯ ಆಕಾರ.